ರೊಟ್ಟಿ ಬಡಿಯುತ್ತ ಕಲಿತ ಇಂಗ್ಲಿಷ್

ಇಂಗ್ಲಿಷ್‌ನಲ್ಲಿ ನೆಟ್ಟಗೆ ಒಂದು ವಾಕ್ಯ ಹೇಳಲು ಬರುವ ಮುಂಚೆಯೇ ನನಗೆ 'ಬಾಲ್ಡರ್‌ಡ್ಯಾಶ್' ಎನ್ನಲು ಬರುತ್ತಿತ್ತು. ಹಾಗೆಂದರೆ ಶುದ್ಧ ಬೊಗಳೆ. ಇದಕ್ಕೆ ನನಗೆ ನಾಚಿಕೆಯೇನೂ ಇಲ್ಲ.

ಮದುವೆಯಾಗಿ ಧಾರವಾಡದಿಂದ ಕೋಲ್ಕತ್ತಕ್ಕೆ ಬಂದವಳು ನಾನು. ಗಂಡನಿಗೆ ಅಲಿಪುರದಲ್ಲಿ ಕೇಂದ್ರ ಸರ್ಕಾರದ ನೌಕರಿ, ಮನೆ ಡಮ್ ಡಮ್‌ನಲ್ಲಿ. ಸಾಲ್ಟ್ ಲೇಕ್ ಕಡೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಲೈಟಿನ ಕಂಬ, ಮಿನಿಬಸ್ಸು, ಎಲ್ಲಿ ನೋಡಿದರೂ ಇಂಗ್ಲಿಷ್ ಮಾತಾಡಲು ಕಲಿಸುವವರ ಚೀಟಿ. ನಾನು ಬಾಯಿ ಬಿಟ್ಟರೆ ಸಾಕು, ಬಂಗಾಳಿಯಲ್ಲಿ ಬೌದಿ, ಅಂದರೆ ಅತ್ತಿಗೆ, ಎಂದು ನಾನು ಕರೆಯುತ್ತಿದ್ದ ಮೇಲಿನ ಮನೆಯಾಕೆಯಿಂದ ಹಿಡಿದು ಔಷಧಿ ಅಂಗಡಿಯವನವರೆಗೆ ಎಲ್ಲರೂ ತಿದ್ದುವವರೇ. ಎಲ್ಲರಿಗಿಂತ ಮೊದಲು ನನ್ನ ಗಂಡ. ಕೊನೆಗೆ ಒಂದು ದಿನ ನನಗೆ ಹೊಳೆಯಿತು. ಎಲ್ಲರಿಗೂ ಗೊತ್ತಿರುವ ಮಾತಾಡಿದರೆ ಎಲ್ಲರೂ ತಪ್ಪು ಹುಡುಕುತ್ತಾರೆ. ಯಾರಿಗೂ ಗೊತ್ತಿಲ್ಲದ ಮಾತಾಡಿದರೆ ತೆಪ್ಪಗಾಗುತ್ತಾರೆ.

ಕಾಲೇಜ್ ಸ್ಟ್ರೀಟಿನ ಫುಟ್‌ಪಾತಿನಿಂದ ರಟ್ಟು ಕಿತ್ತುಹೋದ ಒಂದು ದಪ್ಪ ಡಿಕ್ಷನರಿ ತಂದೆ. ದಿನಕ್ಕೊಂದು ಶಬ್ದ, ಆದಷ್ಟೂ ವಿಚಿತ್ರವಾದದ್ದನ್ನು ಆರಿಸಿ, ಅಡುಗೆಮನೆಯ ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಊರಿನಿಂದ ರೈಲಿನಲ್ಲಿ ಬಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುವಾಗ ಒಂದೊಂದು ಬಡಿತಕ್ಕೆ ಶಬ್ದದ ಒಂದೊಂದು ತುಂಡು. ಸಿಡುಕನಿಗೆ ಹೇಳುವ 'ಕ್ಯಾನ್-ಟ್ಯಾಂ-ಕ-ರಸ್'ಗೆ ನಾಲ್ಕು ಬಡಿತ. 'ಫ್ಲಿ-ಬರ್-ಟಿ-ಜಿ-ಬೆಟ್'ಗೆ ಐದು. ಅಂದರೆ, ಒಂದು ಕಡೆ ನಿಲ್ಲದೆ ಸದಾ ವಟಗುಟ್ಟುವ ಬಾಯಿಬಡುಕಿ. ನಾಲ್ಕು ವರ್ಷದ ಮಗಳು ಪಕ್ಕದಲ್ಲಿ ಕೂತು, ತನ್ನ ಪುಟ್ಟ ಉಂಡೆ ಬಡಿಯುತ್ತ, ನನ್ನ ಜೊತೆಗೇ ಅದನ್ನು ಹೇಳುತ್ತಿದ್ದಳು. ಆ ಶಬ್ದ ಅವಳಿಗಾಗಿಯೇ ಹುಟ್ಟಿದ ಹಾಗಿತ್ತು.

"ಸಾದಾ ಇಂಗ್ಲಿಷ್ ಬರೂದಿಲ್ಲ, ಇಂಥಾವು ಯಾಕ ಬೇಕು ನಿನಗ?" ಎಂದು ಗಂಡ ನಗುತ್ತಿದ್ದರು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂ."

"ಹಿಟ್ಟು ನಾನ ನಾದಾಕತ್ತೀನಿ, ಹೂವೂ ಮುಡೀತೀನಿ. ನಿಮಗೇನು ತ್ರಾಸು?" ಎನ್ನುತ್ತಿದ್ದೆ.

ಆ ವರ್ಷ ಮಗಳನ್ನು ಶಾಲೆಗೆ ಸೇರಿಸಬೇಕಿತ್ತು. ಕಾಳಿಘಾಟದ ಹತ್ತಿರ ಹೆಸರಾದ ಒಂದು ಇಂಗ್ಲಿಷ್ ಶಾಲೆ. ಗಂಡ ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ಕರೆದೊಯ್ದು ಬಿಡಬಹುದು. ಆದರೆ ಸೀಟು ಸಿಗಬೇಕಾದರೆ ಮಗುವಿನ ಜೊತೆ ಅಪ್ಪ ಅಮ್ಮನಿಗೂ ಸಂದರ್ಶನ. ಗಂಡ ವಾರವಿಡೀ ಅವಳಿಗೆ ಹಣ್ಣುಗಳ ಹೆಸರು, ಬಣ್ಣಗಳ ಹೆಸರು ಬಾಯಿಪಾಠ ಮಾಡಿಸಿದರು. ನನಗೆ ಒಂದೇ ಪಾಠ: "ನೀ ಬರೇ ನಕ್ಕೋತ ಕುಂದ್ರು. ಮಾತಾಡೂದು ನನಗ ಬಿಡು."

ನಗುತ್ತಲೇ ಕೂತೆ. ಮುಖ್ಯೋಪಾಧ್ಯಾಯಿನಿ ಸೇಬಿನ ಚಿತ್ರ ತೋರಿಸಿದರು. ಮಗಳು ತುಟಿ ಬಿಚ್ಚಲಿಲ್ಲ. ಬಾಳೆಹಣ್ಣು ತೋರಿಸಿದರು, ತನ್ನ ಚಪ್ಪಲಿ ನೋಡಿಕೊಂಡಳು.

"ಮನೆಯಲ್ಲಿ ಯಾವ ಭಾಷೆ?" ಎಂದು ಅವರು ಗಂಡನನ್ನು ಇಂಗ್ಲಿಷಿನಲ್ಲಿ ಕೇಳಿದರು.

"ಇಂಗ್ಲಿಷ್," ಎಂದುಬಿಟ್ಟರು ಇವರು.

"ಹಾಗಾದರೆ ಮಗುವಿಗೆ ಮಾತಿನ ತೊಂದರೆ ಇದೆ. ಡಾಕ್ಟರಿಗೆ ತೋರಿಸಿ."

ಸುಳ್ಳು ಹೇಳಿದ ಗಂಡ ಈಗ ಬಾಯಿಗೆ ಬೀಗ ಹಾಕಿಕೊಂಡು ಕೂತರು. ನನಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ರಾತ್ರಿಯವರೆಗೆ ನನ್ನ ತಲೆ ತಿನ್ನುವ ಹುಡುಗಿಗೆ ಮಾತಿನ ತೊಂದರೆಯೇ? ನಮ್ಮ ಮನೆಯ ಮಾತು ಕನ್ನಡ ಎಂದೆ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ. ನನ್ನ ಮಗಳು ಫ್ಲಿಬರ್ಟಿಜಿಬೆಟ್ ಎಂದೆ.

"ಏನಂದಿರಿ?"

ಇನ್ನೊಮ್ಮೆ ಹೇಳಿದೆ. ಅಭ್ಯಾಸಬಲ, ಈ ಸಲ ಅಂಗೈ ಅವರ ಮೇಜಿನ ಮೇಲೆ ಐದು ಸಲ ಬಡಿಯಿತು. ಮಗಳು ಕಿಸಕ್ಕನೆ ನಕ್ಕಳು. ಅವರು ಎದ್ದು ಕಪಾಟಿನಿಂದ ಡಿಕ್ಷನರಿ ತೆಗೆದು, ಕನ್ನಡಕ ಏರಿಸಿ, ಬಹಳ ಹೊತ್ತು ಹುಡುಕಿದರು. ಸಿಕ್ಕಿತು. ಮುಚ್ಚಿಟ್ಟರು.

"ಸರಿ, ಸೀಟು ಕೊಡೋಣ. ಇವತ್ತಿನಿಂದ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ಇಬ್ಬರೂ ಬರೆದುಕೊಡಿ."

ಗಂಡ ಎರಡು ಸಾಲು ಬರೆದು ಸಹಿ ಹಾಕಿ ಪೆನ್ನನ್ನು ನನ್ನ ಕಡೆ ಸರಿಸಿದರು. ನಾನು ಆ ಎರಡು ಸಾಲು ನೋಡಿದೆ. ನಾಲ್ಕು ಬಡಿತದ ಶಬ್ದ, ಐದು ಬಡಿತದ ಶಬ್ದ ಎಲ್ಲ ಸರಿ. ಜ್ವರ ಬಂದ ಮಗುವನ್ನು ನಾನು ಯಾವ ಮಾತಿನಲ್ಲಿ ಮಲಗಿಸಲಿ? ಪೆನ್ನಿನ ಟೊಪ್ಪಿಗೆ ಹಾಕಿ ಕೆಳಗಿಟ್ಟೆ. ಆಗ ನನ್ನ ಬಾಯಿಂದ ಬಂದದ್ದು ಒಂದೇ ಶಬ್ದ, ಈ ಕಥೆಯ ಮೊದಲ ಸಾಲಿನಲ್ಲೇ ಹೇಳಿದ್ದೇನಲ್ಲ, ಆ 'ಬಾಲ್ಡರ್‌ಡ್ಯಾಶ್'. ಅದಕ್ಕೆ ಅವರು ಡಿಕ್ಷನರಿ ತೆಗೆಯಲಿಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗಂತೂ ಮಾತು ಬಂದ ಮೇಲೆಯೇ ಜಗಳ ಶುರುವಾಯಿತು.

"ಕೈಗೆ ಬಂದ ಸೀಟು ಕಳದಿ," ಎಂದರು ಗಂಡ, ಮೆಟ್ರೋದಲ್ಲಿ.

"ಕೂಸಿಗೆ ಮಾತು ಬರೂದಿಲ್ಲ ಅಂದ್ರು ಅವರು. ನೀವು ಸುಮ್ಮನ ಕುಂತ್ರಿ."

ಎರಡು ದಿನ ನಮ್ಮಿಬ್ಬರಲ್ಲಿ ಮಾತಿರಲಿಲ್ಲ. ನಾನು ಅತ್ತದ್ದೂ ನಿಜ. ಸೀಟು ಹೋಯಿತೆಂದಲ್ಲ, ಇವರು ಅಷ್ಟು ಬೇಗ ಸಹಿ ಹಾಕಿದರಲ್ಲ ಎಂದು. ಆದರೂ ಕಪಾಟಿನ ಬಾಗಿಲ ಮೇಲೆ ಆ ಎರಡು ದಿನವೂ ಹೊಸ ಶಬ್ದ ಬರೆದೆ.

ಮಗಳು ಡಮ್ ಡಮ್‌ನಲ್ಲೇ ಒಂದು ಸಾಮಾನ್ಯ ಶಾಲೆಗೆ ಸೇರಿದಳು. ತಿಂಗಳು ತುಂಬುವ ಮೊದಲೇ ಅವಳ ಡೈರಿಯಲ್ಲಿ ಕೆಂಪು ಶಾಯಿಯ ದೂರು ಬಂತು: ತರಗತಿಯಲ್ಲಿ ವಿಪರೀತ ಮಾತಾಡುತ್ತಾಳೆ, ಪೋಷಕರು ನೋಡಿ ಸಹಿ ಮಾಡಬೇಕು. ಗಂಡ ಜೇಬಿನಿಂದ ಪೆನ್ನು ತೆಗೆದರು.

"ಇಲ್ಲೆ ತರ್ರಿ," ಎಂದೆ.

ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು, ಕೆಂಪು ಸಾಲಿನ ಕೆಳಗೆ ಫ್ಲಿಬರ್ಟಿಜಿಬೆಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ದೊಡ್ಡದಾಗಿ ಬರೆದೆ. ಅದರ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ.