ಕಂಬಳಿ ಮಾರಲು ಭಾವನನ್ನು ಸಾಯಿಸಿದೆ

ಬದುಕಿದ್ದ ಮನುಷ್ಯನೊಬ್ಬನನ್ನು ನಾನು ಸಾಯಿಸಿದ್ದು ಹಿಂದೂಪುರದ ಪರಿಗಿ ರಸ್ತೆಯ ಇಂಟರ್ನೆಟ್ ಸೆಂಟರಿನಲ್ಲಿ, ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ. ಆಮೇಲೆ ಎದುರಿನ ಹೋಟೆಲಿಗೆ ಹೋಗಿ ಎರಡು ಇಡ್ಲಿ ತಿಂದೆ. ಚಟ್ನಿ ಸಪ್ಪೆಯಾಗಿದೆ ಎಂದು ಮಾಣಿಯ ಮೇಲೆ ರೇಗಿದ್ದೂ ನೆನಪಿದೆ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ಈಗ ಬರೆದು, ಅತ್ತು, ಹಗುರಾಗೋಣವೆಂಬ ಆಸೆಯೂ ನನಗಿಲ್ಲ.

ಆಗ ನನಗೆ ಇಪ್ಪತ್ತಾರು. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷ ಕಳೆದಿತ್ತು. ಕಂಪ್ಯೂಟರ್ ಕೋರ್ಸ್ ಮುಗಿಸಿ, ಸ್ವಂತದ್ದೊಂದು ವೆಬ್‌ಸೈಟ್ ಮಾಡಿ, ಹೊರದೇಶದವರಿಗೆ ಕುರಿ ಉಣ್ಣೆಯ ಕಂಬಳಿ ಮಾರುವುದಕ್ಕೆ ಶುರುಮಾಡಿದ್ದೆ. "ಕಂಬಳೀನ ಮುಟ್ಟಿ ನೋಡ್ದೆ ಯಾರು ತಗಂತಾರೆ ಕಣೆ? ನಿಂಗೆ ತಲೆ ಕೆಟ್ಟದೆ" ಎಂದು ನನ್ನಮ್ಮ ಬೀದಿಗೆ ಕೇಳಿಸುವಂತೆ ಬೈಯುತ್ತಿದ್ದಳು. ವಾರಕ್ಕೆರಡು ದಿನ ಕಲ್ಯಾಣದುರ್ಗದ ಹೆಂಗಸರ ಸಂಘವೊಂದರಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುತ್ತಿದ್ದೆ. ಅರ್ಜಿ ಬರೆದುಕೊಡುವುದು, ಸಹಿ ಮಾಡಲು ಕಲಿಸುವುದು, ನಮ್ಮ ಆಂಧ್ರದ ತಾಲೂಕು ಕಚೇರಿಯಾದ ಮಂಡಲ ಆಫೀಸಿಗೆ ಜೊತೆಯಲ್ಲಿ ಹೋಗಿ ಜಗಳ ಆಡುವುದು. ವ್ಯಾಪಾರವನ್ನೂ ಸೇವೆಯನ್ನೂ ಒಟ್ಟಿಗೆ ಮಾಡಬಹುದು ಎಂದು ಸಂಘದ ಸಭೆಗಳಲ್ಲಿ ಭಾಷಣ ಬಿಗಿಯುತ್ತಿದ್ದೆ. ಆಹಾ, ಏನು ಜಂಬ ನನ್ನದು!

ಆ ಸಂಘದಲ್ಲೇ ನನಗೆ ಅಕ್ಕ ಸಿಕ್ಕಿದ್ದು. ಒಡಹುಟ್ಟಿದವಳಲ್ಲ, ಬಾಯಿತುಂಬ ಅಕ್ಕ ಎಂದು ಕರೆಯುತ್ತಿದ್ದೆ. ಕಲ್ಯಾಣದುರ್ಗದಿಂದ ಕುಂದುರ್ಪಿ ಬಸ್ಸು ಹತ್ತಿದರೆ ಅರ್ಧ ದಾರಿಯಲ್ಲಿ ಅವಳ ಊರು. ಅವಳು ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದಳು, ಅವಳ ಗಂಡ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಮಗ್ಗದಲ್ಲಿ ನೇಯುತ್ತಿದ್ದ. ಅಕ್ಕನ ಗಂಡನಾದ್ದರಿಂದ ನನಗೆ ಭಾವ. ನೂಲಿಗೆ ಹಾಕುವ ಗಂಜಿಗೆಂದು ಹಿಂದೂಪುರದಿಂದ ಹುಣಸೆಬೀಜ ತಂದುಕೊಟ್ಟರೆ ಅವನಿಗೆ ಹಬ್ಬ. "ಬಂದ್ಳು ನೋಡೇ ಕಂಪ್ಯೂಟ್ರಮ್ಮ! ಇವಳಿಗೊಂದು ಗಂಡು ನೋಡೋಣ ಅಂದ್ರೆ ಅದನ್ನೂ ಕಂಪ್ಯೂಟ್ರಲ್ಲೇ ತರುಸ್ಕಂತಾಳೆ" ಎಂದು ರೇಗಿಸುತ್ತಿದ್ದ. ಅಕ್ಕ ಮುದ್ದೆಯ ಮೇಲೆ ಮುದ್ದೆ ಇಟ್ಟು, ಸಾಕೆಂದರೆ ಬೈಯುತ್ತಿದ್ದಳು.

ಮೊದಲು ವೆಬ್‌ಸೈಟಿನಲ್ಲಿ ನಿಜವನ್ನೇ ಬರೆದಿದ್ದೆ. ಹೆಂಡತಿ ನೂಲುತ್ತಾಳೆ, ಗಂಡ ನೇಯುತ್ತಾನೆ ಎಂದು. ಇಬ್ಬರೂ ಮಗ್ಗದ ಮುಂದೆ ನಿಂತು ನಗುವ ಫೋಟೋ. ಐದು ತಿಂಗಳಾದರೂ ಎರಡು ಕಂಬಳಿಯ ಮೇಲೆ ಮೂರನೆಯದು ಹೋಗಲಿಲ್ಲ. ಒಂದು ದಿನ ಯಾವುದೋ ದೇಶದ ಹೆಂಗಸೊಬ್ಬಳಿಂದ ಒಂದು ಸಾಲಿನ ಮೇಲ್ ಬಂತು. ಫೋಟೋದಲ್ಲಿರುವ ಈ ಹೆಂಗಸು ಒಂಟಿಯೇ, ಅವಳಿಗೆ ಯಾರೂ ಇಲ್ಲವೇ ಎಂದು ಕೇಳಿದ್ದಳು. ಫೋಟೋದಲ್ಲಿ ಭಾವ ಪಕ್ಕದಲ್ಲೇ ಹಲ್ಲು ಕಿರಿಯುತ್ತ ನಿಂತಿದ್ದ, ಅವಳ ಕಣ್ಣಿಗೆ ಬಿದ್ದಿರಲಿಲ್ಲವೋ ಏನೋ. ನಾನು ಹೌದು, ಗಂಡ ತೀರಿಕೊಂಡಿದ್ದಾನೆ ಎಂದು ಬರೆದು ಕಳಿಸಿದೆ. ಅವಳು ಆರು ಕಂಬಳಿ ಕೇಳಿದಳು.

ಮರುದಿನವೇ ಕೂತು ಫೋಟೋದಿಂದ ಭಾವನನ್ನು ಕತ್ತರಿಸಿದೆ. ಅಕ್ಕನ ಹಣೆಯಲ್ಲಿ ಕಾಸಿನಗಲ ಕುಂಕುಮವಿತ್ತು. ನಮ್ಮ ಕಡೆಯ ಯಾರಾದರೂ ಆ ಪುಟ ನೋಡಿದರೆ ಸಿಕ್ಕಿಬೀಳುತ್ತೇನೆಂಬ ಭಯ ಹುಟ್ಟಿತು. ಚರ್ಮದ ಬಣ್ಣವನ್ನು ಮೌಸಿನಿಂದ ಎತ್ತಿ ಎತ್ತಿ ಹಣೆಗೆ ಬಳಿದೆ. ನಾಲ್ಕು ಸಲ ಒತ್ತುವಷ್ಟರಲ್ಲಿ ಕುಂಕುಮ ಮಾಯ. ತಾಳಿ ಸೆರಗಿನ ಒಳಗಿತ್ತು, ಅದರ ಕೆಲಸ ಉಳಿಯಿತು. ಇಡ್ಲಿ ತಿಂದದ್ದು ಆವತ್ತೇ.

ಆರ್ಡರುಗಳು ಒಂದರ ಹಿಂದೊಂದು ಬಂದವು. ಅಕ್ಕನ ಬೀದಿಯಲ್ಲೇ ಇನ್ನೆರಡು ಮನೆಯವರು ಮೂಲೆಗೆ ಎಸೆದಿದ್ದ ಮಗ್ಗದ ಮರಗಳನ್ನು ತಂದು ಜೋಡಿಸಿದರು. ಕಟ್ಟಡ ಕೆಲಸಕ್ಕೆ ಬೇರೆ ಊರಿಗೆ ಹೋಗುತ್ತಿದ್ದ ಅವರು ಮನೆಯಲ್ಲೇ ಉಳಿದರು. ಬೀದಿಗೆ ಬೀದಿಯೇ ನನ್ನನ್ನು ದೇವರಂತೆ ಕಂಡಿತು, ನಾನೂ ಪೂಜೆ ಮಾಡಿಸಿಕೊಂಡೆ.

ಸಮುದ್ರ ಉಕ್ಕಿ ದಡದ ಊರುಗಳನ್ನು ನುಂಗಿದ ಮರುವರ್ಷ, ಮೂರು ತಿಂಗಳು ಸೇವೆ ಮಾಡಲು ಶ್ರೀಲಂಕಾಕ್ಕೆ ಹೋದೆ. ಹಗಲು ಡೇರೆಗಳಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವುದು, ಬಿಡುವಿನಲ್ಲಿ ಪೇಟೆಯ ಇಂಟರ್ನೆಟ್ ಅಂಗಡಿಗೆ ಹೋಗಿ ನನ್ನ ಆರ್ಡರುಗಳನ್ನು ನೋಡುವುದು. ಆ ಡೇರೆಗಳಲ್ಲಿ ಗಂಡನನ್ನು ನಿಜವಾಗಿ ಕಳೆದುಕೊಂಡವರು ತುಂಬ ಮಂದಿ ಇದ್ದರು. ಒಬ್ಬಳು ಗಂಡನ ಚಪ್ಪಲಿಗಳನ್ನು ಒರೆಸಿ ಒರೆಸಿ ಬಾಗಿಲಿಗಿಡುತ್ತಿದ್ದಳು. ಬಂದರೆ ಬೇಕಾಗುತ್ತಲ್ಲ ಎಂದು ನನ್ನ ಕೈಹಿಡಿದು ಹೇಳಿದಳು. ನಾನು ಕಣ್ಣೀರು ಹಾಕಿದೆ, ಸುಳ್ಳಲ್ಲ. ಆದರೆ ಅದೇ ದಿನ ಮಧ್ಯಾಹ್ನ ಪೇಟೆಗೆ ಹೋಗಿ ನನ್ನ ಪುಟಕ್ಕೆ ಒಂದು ಸಾಲು ಸೇರಿಸಿದೆ: ಈ ಹೆಂಗಸು ಇಂದಿಗೂ ಗಂಡನ ಚಪ್ಪಲಿಗಳನ್ನು ಮಗ್ಗದ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ. ಥೂ, ನನ್ನ ಜನ್ಮಕ್ಕೆ!

ಅಲ್ಲಿ ನನ್ನ ಜೊತೆ ಸೇವೆಗೆ ಬಂದಿದ್ದವರಲ್ಲಿ ಹಾಲೆಂಡಿನ ಒಬ್ಬ ಮುದುಕಿ ಇದ್ದಳು, ನಿವೃತ್ತಿಯಾದ ಸ್ಕೂಲ್ ಮೇಡಂ. ಬಲು ಒಳ್ಳೆಯವಳು. ಟೀ ಕುಡಿಯುವಾಗ ಅವಳಿಗೆ ಅಕ್ಕನ ಕತೆಯನ್ನು ಬಣ್ಣ ಕಟ್ಟಿ ಹೇಳಿದೆ. ಅವಳು ಲೋಟ ಕೆಳಗಿಟ್ಟು ಅತ್ತಳು. ಒಂದು ವರ್ಷದ ಮೇಲೆ ಅವಳ ಮೇಲ್ ಬಂತು. ಭಾರತಕ್ಕೆ ಬರುತ್ತಿದ್ದೇನೆ, ನಿನ್ನ ಅಕ್ಕನನ್ನು ನೋಡಬೇಕು, ನಮ್ಮ ಊರಿನ ಅಂಗಡಿಗೆ ದೊಡ್ಡ ಆರ್ಡರ್ ಕೊಡುತ್ತೇನೆ ಎಂದಿತ್ತು.

ನಿಜ ಹೇಳಿದ್ದರೆ ಆಗಲೇ ಮುಗಿಯುತ್ತಿತ್ತು. ಹೇಳಲಿಲ್ಲ. ಅಕ್ಕನ ಮನೆಗೆ ಹೋಗಿ, "ಬರೋ ಮೇಡಂ ಹೆಂಗಸರ ಕೆಲಸ ಮಾತ್ರ ನೋಡ್ತಾರಂತೆ. ಗಂಡಸರು ಕಣ್ಣಿಗೆ ಬಿದ್ರೆ ಆರ್ಡರ್ ಕೊಡಲ್ವಂತೆ. ಭಾವ, ನೀವು ಆವತ್ತು ಒಂದು ದಿನ ಎಲ್ಲಾದ್ರೂ ಹೋಗಿಬನ್ನಿ" ಎಂದೆ.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರೇ ಬಿಡಮ್ಮೋ. ಕಂಬದೂರಿಗೆ ಹೋಗಿ ಉಣ್ಣೆ ನೋಡ್ಕಂಡು ಬತ್ತೀನಿ. ನೇಯಾದು ನಾನು, ಹೆಸರು ಇವಳ್ದು!"

"ಮತ್ತೆ ಭಾವ, ನಿಮ್ಮ ಚಪ್ಪಲಿ ಇಲ್ಲೇ ಬಿಟ್ಟು ಹೋಗಿ."

"ಅದ್ಯಾಕೆ?"

"ಫೋಟೋಕ್ಕೆ."

ಅವನಿಗೆ ಇದ್ದದ್ದು ಒಂದೇ ಜೊತೆ. ತಲೆ ಕೆರೆದುಕೊಂಡು ಆಗಲಿ ಎಂದ. ನನ್ನ ಮಾತನ್ನು ಅವನು ಯಾವತ್ತೂ ತೆಗೆದುಹಾಕಿದವನಲ್ಲ.

ಮುದುಕಿ ಬಂದದ್ದು ಬೇಸಿಗೆಯ ನಡುಹಗಲಲ್ಲಿ. ಅಕ್ಕ ಹೊಸ ಸೀರೆ ಉಟ್ಟು, ಮಗ್ಗದ ಮುಂದೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಅವಳ ಹಣೆಯ ಕುಂಕುಮವೇನೋ ಹಾಗೇ ಇತ್ತು, ಪರದೇಶದವಳಿಗೆ ಅದರ ಅರ್ಥ ಎಲ್ಲಿ ಗೊತ್ತಾಗಬೇಕು? ಇಬ್ಬರ ನಡುವೆ ಕೂತು ಮಾತು ದಾಟಿಸುವ ಕೆಲಸ ನನ್ನದು. ನೀವಿಬ್ಬರೂ ಎಷ್ಟು ವರ್ಷ ಒಟ್ಟಿಗೆ ಬಾಳಿದಿರಿ ಎಂದು ಮುದುಕಿ ಇಂಗ್ಲಿಷಿನಲ್ಲಿ ಕೇಳಿದಳು.

ನಾನು ಅಕ್ಕನ ಕಡೆ ತಿರುಗಿ, "ರಾಟೆ ತಿರುಗಿಸೋಕೆ ಶುರುಮಾಡಿ ಎಷ್ಟು ವರ್ಷ ಆಯ್ತು ಅಂತ ಕೇಳ್ತಾರೆ" ಎಂದೆ.

"ಮದುವೆ ಆದಾಗಿಂದ ಕಣಮ್ಮ. ಇಪ್ಪತ್ತೆಂಟು ವರ್ಷ ಆಗೋಯ್ತು."

ಇಪ್ಪತ್ತೆಂಟು ವರ್ಷ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕಿಯ ಕಣ್ಣು ತುಂಬಿತು. ಅವನು ಹೋದ ನೋವನ್ನು ಹೇಗೆ ತಡೆದುಕೊಂಡಿದ್ದೀಯ ಎಂದಳು. ನಾನು ಅಕ್ಕನಿಗೆ, "ದಿನಾ ನೂಲ್ತೀಯಲ್ಲ, ಕೈ ನೋಯಲ್ವಾ ಅಂತಾರೆ" ಎಂದೆ.

ಅಕ್ಕ ನಕ್ಕಳು. "ನೋಯ್ದೆ ಇರ್ತದಾ? ನೋಯ್ತದೆ. ಅಭ್ಯಾಸ ಆಗೋಗದೆ ಅನ್ನು."

ಅದನ್ನು ಹಾಗೆಯೇ ದಾಟಿಸಿದೆ. ಇಂಥ ದುಃಖದಲ್ಲೂ ನಗುತ್ತಾಳಲ್ಲ ಎಂದು ಮುದುಕಿ ಅವಳ ಎರಡೂ ಕೈ ಹಿಡಿದುಕೊಂಡಳು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಆಮೇಲೆ ಅವಳು ಮಗ್ಗದ ಪಕ್ಕದಲ್ಲಿದ್ದ ಚಪ್ಪಲಿಗಳನ್ನು ಕಂಡಳು. ಎದ್ದು ಹೋಗಿ, ದೇವರ ಪ್ರಸಾದದಂತೆ ಅವನ್ನು ಎರಡು ಕೈಯಲ್ಲೂ ಎತ್ತಿಕೊಂಡಳು. ಅಕ್ಕ ಗಾಬರಿಯಾಗಿ, "ಅಯ್ಯೋ, ಕೆರ ಯಾಕೆ ಮುಟ್ತಾರೆ, ಬ್ಯಾಡ ಅನ್ನೇ" ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಭಾವ ನಿಂತಿದ್ದ. ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟುಕೊಂಡು ಕುಣಿಯುತ್ತಿದ್ದ.

"ಎಂಥಾ ಬಿಸಿಲು ಕಣಮ್ಮ! ಬರಿಗಾಲಲ್ಲಿ ಬಸ್ಸಿನ ತಾವ ತಂಕ ಹೋಗಕಾಗ್ಲಿಲ್ಲ, ತಿರುಗಿ ಬಂದ್ಬುಟ್ಟೆ. ಚಪ್ಪಲಿ ಕೊಡು, ಮೆಟ್ಕಂಡು ಹೋಯ್ತೀನಿ."

ಇವನು ಯಾರು ಎಂದು ಮುದುಕಿ ಕೇಳಿದಳು. ಪಕ್ಕದ ಮನೆಯವನು ಎಂದೆ. ಬಚಾವಾದೆ ಅಂದುಕೊಂಡೆ. ಆಗ ಮುದುಕಿ ಚಪ್ಪಲಿಗಳನ್ನು ಎದೆಗವಚಿಕೊಂಡೇ, ಚೀಲದಿಂದ ಒಂದು ಕಾಗದ ತೆಗೆದಳು. ಅವಳ ಊರಿನಲ್ಲಿ ನಮ್ಮ ಆಂಧ್ರದ ಡಾಕ್ಟರೊಬ್ಬರಿದ್ದರಂತೆ. ಅವರಿಂದ ಒಂದು ಮಾತನ್ನು ಕಲಿತು, ತನ್ನ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದಳು. ನನಗೆ ಅದು ಗೊತ್ತೇ ಇರಲಿಲ್ಲ. ಅಕ್ಕನ ಮುಂದೆ ತಲೆಬಾಗಿ, ಒಂದೊಂದೇ ಪದ ಬಿಡಿಸಿ ತೆಲುಗಿನಲ್ಲಿ ಓದಿದಳು.

"ಮೀ ಭರ್ತ ಪೋಯಾರನಿ ನಾಕು ಚಾಲಾ ಬಾಧಗಾ ಉಂದಿ."

ನಿಮ್ಮ ಗಂಡ ತೀರಿಹೋದರೆಂದು ನನಗೆ ಬಹಳ ದುಃಖವಾಗಿದೆ ಎಂದರ್ಥ. ನಮ್ಮ ಕಡೆ ಮನೆಯಲ್ಲಿ ಕನ್ನಡ ಆಡುವವರಿಗೂ ತೆಲುಗು ನೀರು ಕುಡಿದಷ್ಟು ಸಲೀಸು. ಅರ್ಥವಾಗದೆ ಉಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅಕ್ಕನ ಕೈ ತಾಳಿಗೆ ಹೋಯಿತು. ಅವಳು ಗಂಡನನ್ನು ನೋಡಿದಳು, ಮುದುಕಿಯ ಕೈಯಲ್ಲಿದ್ದ ಚಪ್ಪಲಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ನೆಲದ ಮೇಲೆ ಉದುರಿದ್ದ ಉಣ್ಣೆಯನ್ನು ನೋಡುತ್ತ ಕೂತೆ. ಮುದುಕಿ ಭಾವನ ಕಡೆ ತಿರುಗಿ, ಕೈಯಲ್ಲಿದ್ದ ಚಪ್ಪಲಿಗಳನ್ನು ತೋರಿಸಿ "ಭರ್ತ, ಭರ್ತ" ಎಂದು, ನೆರೆಯವನಲ್ಲವೇ, ಇವಳ ಗಂಡನನ್ನು ಬಲ್ಲನೇ ಕೇಳು ಎಂದು ನನಗೆ ಹೇಳಿದಳು. ಭಾವ ನನಗಾಗಿ ಕಾಯಲಿಲ್ಲ. ಅಷ್ಟು ದೂರದಿಂದ ಬಂದು ತನ್ನ ಮನೆಯಲ್ಲಿ ಅಳುತ್ತಿದ್ದ ಮುದುಕಿಯ ಮುಖವನ್ನೇ ನೋಡಿದ.

"ಅವುನಮ್ಮಾ," ಎಂದ. "ಮಂಚೋಡೇ."

ಹೌದಮ್ಮ, ಒಳ್ಳೆಯವನೇ ಆಗಿದ್ದ. ಏನಂದ ಎಂದು ಮುದುಕಿ ನನ್ನನ್ನು ಕೇಳಿದಳು. ಆವತ್ತು ನಾನು ಸರಿಯಾಗಿ ದಾಟಿಸಿದ ಮಾತು ಅದೊಂದೇ. ಅವಳು ಚಪ್ಪಲಿಗಳನ್ನು ಮೊದಲಿದ್ದ ಜಾಗದಲ್ಲೇ ಜೋಡಿಸಿಟ್ಟು ಕಣ್ಣೊರೆಸಿಕೊಂಡಳು. ಕಾರು ಹೊರಡುವ ತನಕ ಭಾವ ಬರಿಗಾಲಲ್ಲೇ ಬಿಸಿಲಿನಲ್ಲಿ ನಿಂತಿದ್ದ.

ಮುದುಕಿಯನ್ನು ಬೆಂಗಳೂರಿಗೆ ಕಳಿಸಿ ಮಾರನೆಯ ಮಧ್ಯಾಹ್ನ ತಿರುಗಿ ಹೋದೆ. ಮುಂದಿನ ಯುಗಾದಿಯ ತನಕ ಮೂರು ಮಗ್ಗಕ್ಕೂ ಕೆಲಸವಾಗುವಷ್ಟು ದೊಡ್ಡ ಆರ್ಡರಿನ ಕಾಗದ ನನ್ನ ಚೀಲದಲ್ಲಿತ್ತು. ಕ್ಷಮೆ ಕೇಳಲು ಹೋಗುವಾಗಲೂ ಅದನ್ನು ಮರೆಯದೆ ತಂದಿದ್ದೆ. ಭಾವ ಮಗ್ಗದಲ್ಲಿ ಕೂತಿದ್ದ, ಅಕ್ಕ ರಾಟೆಯ ಮುಂದೆ. ಕೂತ್ಕೋ ಎನ್ನಲಿಲ್ಲ ಅವಳು.

"ನಿಂಗೆ ನಾನೇನು ಅನ್ಯಾಯ ಮಾಡಿದ್ದೆ?" ಎಂದಳು. "ಉಂಡಿಲ್ಲ ಅಂದ್ರೆ ನನ್ನ ತಟ್ಟೇದು ತಗುದು ಇಕ್ಕಿದ್ದೆ. ಹೊಟ್ಟೇಲಿ ಹುಟ್ಟಿದ ಮಗಳಂಗೆ ನೋಡ್ಕಂಡೆ. ಅವನು ಕಣ್ಮುಂದೆ ಕುಂತಿರಂಗೇ ನನ್ನ ಮುಂಡೆ ಮಾಡ್ಬುಟ್ಟೆಯಲ್ಲೇ! ಎಂಥಾ ಎದೆ ಇರಬೇಕೇ ನಿಂಗೆ?"

"ತಪ್ಪಾಯ್ತು ಅಕ್ಕ. ಇವತ್ತೇ ಕಂಪ್ಯೂಟರಿಂದ ತೆಗೆದುಬಿಡ್ತೀನಿ."

ಭಾವ ಲಾಳಿ ನಿಲ್ಲಿಸಿದ. "ತೆಗುದ್ರೆ ಏನಾಯ್ತದೆ?"

"ಸುಳ್ಳು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಆರ್ಡರ್ ನಿಂತುಹೋಗುತ್ತೆ."

"ಆ ಎರಡು ಮನೆಯವರ್ದೂ?"

"ಅವರದ್ದೂ."

"ನಿಂತೋಗ್ಲಿ!" ಎಂದು ಅಕ್ಕ ಕಿರುಚಿದಳು. "ಮಣ್ಣು ತಿಂದಾದ್ರೂ ಬದುಕ್ತೀವಿ. ತಗುದಾಕು!"

"ನಾವು ತಿನ್ನಬೌದು ಕಣೇ. ಅವರ ಮನೆ ಒಲೆ ಆರ್ಸಾಕೆ ನಾವ್ಯಾರು?" ಭಾವ ದನಿ ಏರಿಸಲೇ ಇಲ್ಲ. "ಇರ್ಲಿ ಬಿಡು. ಅಲ್ಲೆಲ್ಲೋ ತಾನೇ ಸತ್ತಿರಾದು."

ಅಕ್ಕ ರಾಟೆಯನ್ನು ಒದ್ದು ಎದ್ದಳು. ಹಿತ್ತಲಿನಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಹಾಯೆನಿಸಿತು. ಆರ್ಡರ್ ಉಳಿಯಿತು ಎಂದು ಹಾಯೆನಿಸಿತು. ಕಾಗದವನ್ನು ಮಗ್ಗದ ಮೇಲಿಟ್ಟು ಹೊರಟೆ. ಹೊಸ್ತಿಲು ದಾಟುವಾಗ ಭಾವ ಕರೆದ. ನನ್ನನ್ನು ಕಂಪ್ಯೂಟ್ರಮ್ಮ ಎನ್ನಲಿಲ್ಲ.

"ಏನಾಗಿ ಸತ್ತೆ ಅಂತ ಬರ್ದಿದೀಯ?"

"ಬರೆದಿಲ್ಲ ಭಾವ. ಸತ್ತ ಅಂತ ಮಾತ್ರ ಇದೆ."

"ಇನ್ನೊಬ್ಬರು ಬಂದ್ರೆ ಕೇಳ್ತಾರಲ್ಲ. ನೀನೊಂದು, ಇವಳೊಂದು ಹೇಳಿದ್ರೆ ಸಿಕ್ಕಾಕ್ಕಂತೀರ." ಹರಿದಿದ್ದ ಎಳೆಯೊಂದನ್ನು ಗಂಟು ಹಾಕಿದ. "ಜ್ವರ ಅಂತ ಬರಿ. ಕುಡ್ದು ಸತ್ತ ಅಂತ ಮಾತ್ರ ಬರೀಬ್ಯಾಡ ಕಣಮ್ಮ. ನಾನು ಕುಡಿಯಾಕಿಲ್ಲ."

ಮರುದಿನ ಬೆಳಿಗ್ಗೆ ಇಂಟರ್ನೆಟ್ ಸೆಂಟರಿನ ಬಾಗಿಲು ತೆಗೆಯುವುದನ್ನೇ ಕಾದಿದ್ದು, ಒಳಗೆ ಹೋಗಿ ಜ್ವರ ಎಂದು ಬರೆದೆ.