ಸೂಟ್‌ಕೇಸಿನಲ್ಲಿ ಬಂದ ಗ್ರಾಫಿಕ್ಸ್ ಕಾರ್ಡ್

ಕಪಾಟಿನಿಂದ ತೆಗೆದ ಟವಲಿನ ಸುರುಳಿ ಬಿಚ್ಚುವ ಮೊದಲೇ ಅತ್ತರಿನ ವಾಸನೆ ಬಂತು. ಮೂಡುಬಿದಿರೆಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಸರ್ ತೀರಿಕೊಂಡ ಸುದ್ದಿ ತಡವಾಗಿ ತಿಳಿದು, ಅವರ ಮನೆಗೆ ಹೋಗಿದ್ದೆ; ಟವಲು ತೆಗೆದದ್ದು ಅವರ ಹೆಂಡತಿ. ಟವಲಿನೊಳಗೆ ಏನಿದೆಯೆಂದು ನನಗೆ ಗೊತ್ತಿತ್ತು. ಆ ಗ್ರಾಫಿಕ್ಸ್ ಕಾರ್ಡನ್ನು ಅವರ ಭಾವ ದುಬೈಯಿಂದ ಅದೇ ಟವಲಿನಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ಅತ್ತರಿನ ಬಾಟಲಿಗಳ ನಡುವೆ ಇಟ್ಟು ತಂದಿದ್ದರು.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು… ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಆ ಕ್ಲಾಸಿನಲ್ಲಿ ಕಾರ್ಡ್ ಇದ್ದದ್ದು ಸರ್ ಅವರ ಕಂಪ್ಯೂಟರಿಗೆ ಮಾತ್ರ. ಅದರ ಮುಂದೆಯೇ ಕುಳಿತು ನಾನು ಬಂಟ್ವಾಳದ ಒಂದು ಟೈಲ್ಸ್ ಅಂಗಡಿಗೆ ಪ್ರೋಗ್ರಾಂ ಬರೆದೆ. ಗಿರಾಕಿ ಆರಿಸಿದ ಟೈಲ್ಸನ್ನು ಅವನ ಮನೆಯ ಚಾವಡಿಗೆ ಹಾಸಿ, ಪರದೆಯ ಮೇಲೆ ತಿರುಗಿಸಿ ತೋರಿಸುವ ಪ್ರೋಗ್ರಾಂ. ಅಂಗಡಿಯ ಧಣಿಗೆ ಹಿಡಿಸಿದರೆ ಅಲ್ಲೇ ನನಗೆ ಕೆಲಸ. ಇಲ್ಲದಿದ್ದರೆ ನನ್ನನ್ನು ನೋಡಿಹೋದ ಹುಡುಗನಿಗೆ ಹೂಂ ಅನ್ನುವುದೆಂದು ಅಪ್ಪ ಹೇಳಿಬಿಟ್ಟಿದ್ದರು.

ಪ್ರೋಗ್ರಾಂ ತೋರಿಸಲು ಅಂಗಡಿಗೆ ಹೊರಡುವ ಮುಂಚೆ ನಾನು ಸರ್‌ಗೆ ಹೇಳಿದ್ದೆ. ಚಿತ್ರ ಮೂಡಿಸುವ ಓಪನ್‌ಜಿಎಲ್ ಎಂಬ ಸಾಫ್ಟ್‌ವೇರ್ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ವರ್ಷನ್ ಇರುವುದಿಲ್ಲ, ಕಾರ್ಡ್ ಹೇಗೋ ಹಾಗೆ. ಅಲ್ಲಿ ಯಾವುದು ಸಿಗುತ್ತದೆಂದು ಮೊದಲು ನೋಡಿ ಬರುವ, ಹಳೆಯದಾದರೆ ಅದಕ್ಕೆ ತಕ್ಕಂತೆ ಬರೆಯುತ್ತೇನೆ ಎಂದೆ. ಸರ್ ನಕ್ಕರು.

"ನಮ್ಮದಕ್ಕಿಂತ ಹೊಸ ಮೆಷಿನ್ ಮಾರಾಯ್ತಿ ಅದು. ಹೊಸತರಲ್ಲಿ ಎಂತ ಆಗ್ಲಿಕ್ಕುಂಟು?"

ಮೆಷಿನ್ ಹೊಸತೇ ಆಗಿತ್ತು. ಕಾರ್ಡ್ ಇರಲಿಲ್ಲ. ಮದರ್‌ಬೋರ್ಡಿನೊಟ್ಟಿಗೇ ಬಂದ ಗ್ರಾಫಿಕ್ಸಿನಲ್ಲಿ ಸಿಕ್ಕಿದ್ದು ಹಳೇ ವರ್ಷನ್. ಧಣಿ, ಅವರ ತಮ್ಮಂದಿರು, ಚಾ ತಂದವರು ಎಲ್ಲ ನಿಂತು ನೋಡುತ್ತಿರುವಾಗ ಪರದೆ ಕಪ್ಪಗಾಯಿತು, ಕಪ್ಪಗೇ ಉಳಿಯಿತು. ಸರ್ ನನ್ನ ಕಡೆ ನೋಡಲಿಲ್ಲ.

"ಇದು ಇವಳು ಬರೆದದ್ದು," ಎಂದರು ಧಣಿಯ ಹತ್ತಿರ. "ಹುಡುಗಿಯಲ್ವಾ, ಕಲೀತಾ ಇದ್ದಾಳೆ."

ಅಂಗಡಿಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ "ನಾವು ಮಾಡಿದ್ದು" ಎಂದು ಹೇಳಿಕೊಂಡು ಬಂದವರು ಅವರೇ.

ಕೆಲವು ದಿನ ಕಳೆದು ಸರ್ ಆ ಕಾರ್ಡನ್ನು ಕೊಂಡುಹೋಗಿ ಅಂಗಡಿಯ ಮೆಷಿನ್ನಿಗೆ ಹಾಕಿದರಂತೆ. ನನ್ನ ಪ್ರೋಗ್ರಾಂ ಒಂದಕ್ಷರ ಬದಲಾಗದೆ ಚೆನ್ನಾಗಿ ಓಡಿತಂತೆ. ತಪ್ಪು ಅವಳದಲ್ಲ ಎಂದು ಧಣಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಂಗಡಿಯಲ್ಲಿ ನನಗೆಂದು ಇದ್ದ ಕುರ್ಚಿಯಲ್ಲಿ ಸರ್ ಅವರ ಅಣ್ಣನ ಮಗ ಕುಳಿತ. ನಾನು ಮದುವೆಯಾಗಿ ವಾಮದಪದವಿಗೆ ಹೋದೆ, ಅಲ್ಲಿ ಊರವರ ಮದುವೆ ಕಾಗದ ಟೈಪ್ ಮಾಡಿಕೊಂಡು… ಸಿಟ್ಟು ಆರಲಿಲ್ಲ. ಆರಬೇಕೆಂದು ನನಗೆ ಅನಿಸಿದ್ದೂ ಇಲ್ಲ. ಪ್ರೋಗ್ರಾಂ ಬರೆಯುವ ಖುಷಿ ಏನೆಂದು ತೋರಿಸಿಕೊಟ್ಟವರೂ ಅವರೇ ಅಲ್ಲವೇ, ಅದೇ ಹೆಚ್ಚು ನೋಯುತ್ತದೆ.

ಕಾರ್ಡಿನ ಪುಟ್ಟ ಫ್ಯಾನಿನಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ಟೈಲ್ಸ್ ಅಂಗಡಿ ಮುಚ್ಚಿದ ಮೇಲೆ ಸರ್ ಅದನ್ನು ವಾಪಸ್ ತಂದಿಟ್ಟಿದ್ದರಂತೆ. ಅವರ ಹೆಂಡತಿ ಅದನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ನಿಮ್ಮ ಸುದ್ದಿ ಬಂದಾಗಲೆಲ್ಲ ಇವರು ಹೇಳ್ತಿದ್ದರು, ಅವಳು ಮೊದಲೇ ಹೇಳಿದ್ದಳು, ನಾನೇ ಕೇಳಲಿಲ್ಲ ಅಂತ."

ಮನೆಯೊಳಗೆ ಹೇಳಿದ್ದರು, ಹೆಂಡತಿಯ ಹತ್ತಿರ. ನಾನು ಕಾರ್ಡನ್ನು ಮತ್ತೆ ಟವಲಿನಲ್ಲಿ ಸುತ್ತಿದೆ. ಆ ಮಾತನ್ನು ಅಂಗಡಿಯಲ್ಲಿ ಯಾಕೆ ಹೇಳಲಿಲ್ಲ ಎಂದು ಜಗಳ ಮಾಡುವ ಅಂದರೆ ಈಗ ಅಂಗಡಿಯೂ ಇಲ್ಲ, ಸರ್ ಕೂಡ ಇಲ್ಲ.