ಬೆಳ್ತಂಗಡಿಯ ಫೈಲು ಪಾಣೆಮಂಗಳೂರಿನಲ್ಲಿ

ಅಂಗಡಿ ಇಟ್ಟವನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರಬಾರದು. ಚಂದಾ ಕೇಳಲು ಬಂದವರನ್ನೂ ನಾನು ‘ನೋಡುವ’ ಎಂದೇ ಕಳುಹಿಸುವುದು.

ಗೋಡೆಗೆ ಪೋಸ್ಟರ್ ಅಂಟಿಸುವಲ್ಲಿಂದ ಶುರುಮಾಡಿದ ನನಗೆ ಈಗ ಪಾಣೆಮಂಗಳೂರು, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬ್ಯಾನರ್ ಅಂಗಡಿಗಳಿವೆ. ದೊಡ್ಡ ಮುದ್ರಣ ಯಂತ್ರ ಮಾತ್ರ ಪಾಣೆಮಂಗಳೂರಿನಲ್ಲಿ. ಮೊದಲೆಲ್ಲ ಡಿಸೈನುಗಳು ಪೆನ್‌ಡ್ರೈವಿನಲ್ಲಿ ಕೂತು, ಬಸ್ ಕಂಡಕ್ಟರನ ಕಿಸೆಯಲ್ಲಿ ಪ್ರಯಾಣ ಮಾಡುತ್ತಿದ್ದವು. ಆ ಕಷ್ಟ ತಪ್ಪಿಸಿದವಳು ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಮೂಡುಬಿದಿರೆಯ ಸುಚಿತ್ರಾ. ಅವಳಂಥವರು ಮತ್ತೆ ಮತ್ತೆ ಬೇಕಾಗುವ ಕೆಲಸಗಳನ್ನು ಒಮ್ಮೆ ಬರೆದು ಒಟ್ಟಿಗೆ ಇಡುತ್ತಾರಂತೆ. ಅದಕ್ಕೂ ಲೈಬ್ರರಿ ಎಂದೇ ಹೆಸರು. ನಮಗಾಗಿ ಇವಳು ಬರೆದ ಲೈಬ್ರರಿಯ ಜಾಣತನವೆಂದರೆ, ಫೈಲು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿರಲಿ, ಬೆಳ್ತಂಗಡಿಯಲ್ಲಿರಲಿ, ಕೇಳುವ ರೀತಿ ಒಂದೇ. ಗಿರಾಕಿಗೆ ಸಾಮಾನು ಬೇಕು, ಗೋದಾಮು ಎಲ್ಲಿದ್ದರೇನು?

ಒಂದು ಬೆಳಿಗ್ಗೆ ಪಾಣೆಮಂಗಳೂರಿನ ಅಂಗಡಿಗೆ ಚಾರ್ಮಾಡಿಯ ಶೆಟ್ರು ಬಂದರು. ಮರುದಿನ ಅವರ ಹೊಸ ಹೋಟೆಲಿನ ಉದ್ಘಾಟನೆ. ಬೋರ್ಡಿನ ಡಿಸೈನು ನಮ್ಮ ಬೆಳ್ತಂಗಡಿ ಅಂಗಡಿಯಲ್ಲಿ ಆಗಿತ್ತು. ತೆರೆಯಹೋದರೆ ಪರದೆಯ ಮೇಲೆ ‘ಫೈಲು ಇಲ್ಲ’ ಎಂದು ಬಂತು.

“ಇಲ್ಲವಾ? ಬೋರ್ಡಿಲ್ಲದೆ ಎಂತ ಉದ್ಘಾಟನೆ ಮಾರಾಯ್ರೆ? ಎದುರಿನ ಅಂಗಡಿಯಲ್ಲಿ ಹೊಸತೇ ಮಾಡಿಸ್ತೇನೆ” ಎಂದು ಶೆಟ್ರು ಎದ್ದರು.

“ಕೂತ್ಕೊಳ್ಳಿ ಶೆಟ್ರೆ, ಒಂದು ಬೊಂಡ ಕುಡಿಯುವ” ಎಂದು ತಡೆದು, ಎಳನೀರು ತರಿಸಿ ಕೈಗಿಟ್ಟು, ಬೆಳ್ತಂಗಡಿಗೆ ಫೋನು ಮಾಡಿದೆ. ಫೈಲು ಅಲ್ಲೇ ಇತ್ತು. ಮರದ ಕೊಂಬೆ ಬಿದ್ದು ಇಂಟರ್‌ನೆಟ್ ಕೇಬಲ್ ತುಂಡಾಗಿತ್ತು, ಅಷ್ಟೆ. ಅವರು ಮೊಬೈಲಿನ ನೆಟ್‌ನಿಂದ ಕಳುಹಿಸಿದರು. ಶೆಟ್ರು ಬೊಂಡ ಮುಗಿಸಿ ಬಾಯಿ ಒರೆಸಿಕೊಳ್ಳುವಾಗ ಅವರ ಹೋಟೆಲಿನ ಹೆಸರು ಯಂತ್ರದಿಂದ ಇಳಿಯುತ್ತಿತ್ತು.

ಸಂಜೆ ಸುಚಿತ್ರಾಳೊಡನೆ ಚೌಕಾಸಿಗೆ ಕೂತೆ.

“ಫೈಲು ಇಲ್ಲದ್ದು ಬೇರೆ, ಈಗ ಸಿಗದ್ದು ಬೇರೆ. ಇಲ್ಲ ಅಂದ್ರೆ ಗಿರಾಕಿ ಎದ್ದು ಹೋಗ್ತಾನೆ.”

“ದೂರದ್ದೂ ಹತ್ತಿರದ್ದೂ ಒಂದೇ ಹಾಗೆ ಇರ್ಲಿ ಅಂತ ಹೇಳಿದ್ದು ನೀವೇ ಅಲ್ವಾ ಅಣ್ಣ?”

“ಕೇಳುವ ರೀತಿ ಒಂದೇ ಇರ್ಲಿ. ಉತ್ತರ ಮಾತ್ರ ಸರಿ ಕೊಡ್ಬೇಕು.”

“ಪ್ರೋಗ್ರಾಂ ಕಲಿಯದೆಯೇ ಇಷ್ಟು ತಲೆ ತಿಂತೀರಿ. ಕಲಿತಿದ್ರೆ ನಮ್ಮ ಗತಿ ಎಂತ?” ಎಂದು ನಗುತ್ತಲೇ ಬದಲಾಯಿಸಿದಳು.

ಈಗ ನಡುವಿನ ಸಂಪರ್ಕ ಕಡಿದರೆ ‘ಆ ಕಂಪ್ಯೂಟರ್ ಸದ್ಯ ಸಿಗುತ್ತಿಲ್ಲ, ಸ್ವಲ್ಪ ಕೂತಿರಿ’ ಎಂದು ಬರುತ್ತದೆ. ‘ಕೂತಿರಿ’ ಎಂಬುದು ನಾನು ಹಟ ಹಿಡಿದು ಹಾಕಿಸಿದ್ದು. ಆ ಲೈಬ್ರರಿಯನ್ನು ಅವಳು ಯಾರು ಬೇಕಾದರೂ ಬಳಸಲೆಂದು ಇಂಟರ್‌ನೆಟ್‌ನಲ್ಲಿ ಇಟ್ಟಿದ್ದಾಳೆ. ನಾನು ಕಾಣದ ಊರಿನಲ್ಲಿ, ಎದ್ದು ಹೊರಟಿದ್ದ ಯಾರೋ ಅದನ್ನು ಓದಿ ಮತ್ತೆ ಕೂತಿರಬಹುದು. ನಾನು ಸಲಹೆ ಕೊಡತೊಡಗಿದಾಗ ಎದ್ದು ಹೋದವರೇ ಹೆಚ್ಚು. ನನ್ನ ಮಾತಿಗೆ ಕೂತವರು ಇವರೇ ಮೊದಲು.